29 ಇಂಚಾ 27.5 ಇಂಚಾ? ಮೂರು ವರ್ಷ ಎರಡನ್ನೂ ತುಳಿದ ಮೇಲೆ

ನಂದು 29 ಇಂಚಿನ ಚಕ್ರದ ಹಾರ್ಡ್‌ಟೇಲ್, ಅಂದ್ರೆ ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಮೌಂಟನ್ ಸೈಕಲ್ಲು, ನಮ್ಮ ಬಾಮೈದಂದು ಅದೇ ಥರದ್ದು, ಚಕ್ರ 27.5. ಎರಡೂ ಅಲಾಯ್ ಫ್ರೇಮ್, ಹೈಡ್ರಾಲಿಕ್ ಡಿಸ್ಕ್ ಬ್ರೇಕು, ತಗೊಂಡಾಗ ಎರಡೂ 40 ಸಾವಿರದ ಆಸುಪಾಸು. ಭಾನುವಾರ ಬಂದ್ರೆ ಯಲಹಂಕ ಕಡೆ ಅವಲಹಳ್ಳಿ ಕಾಡು, ಯಾವಾಗ್ಲಾದ್ರೂ ಒಮ್ಮೆ ನಂದಿ ಬೆಟ್ಟ, ಅದ್ಲುಬದ್ಲು ಮಾಡ್ಕೊಂಡು ಓಡ್ಸಿದ್ದೀವಿ, ಹಂಗಾಗಿ ಅಂಗಡಿ ಮುಂದೆ ಒಂದು ರೌಂಡ್ ಹೊಡೆದು ಬರೆಯೋ ರಿವ್ಯೂ ಅಲ್ಲ ಇದು.

ಲೆಕ್ಕದಲ್ಲಿ ನೋಡಿದ್ರೆ ವ್ಯತ್ಯಾಸ ಬಾಳ ಇಲ್ಲ. ಟೈರ್ ಕೂರೋ ಜಾಗದಲ್ಲಿ ರಿಮ್ ಅಳತೆ 29ಕ್ಕೆ 622 ಎಂಎಂ, 27.5ಕ್ಕೆ 584. ಬರೀ 38 ಎಂಎಂ. ಆದ್ರೆ ಬೇರು, ಮುಷ್ಟಿ ಗಾತ್ರದ ಕಲ್ಲು ಇರೋ ಇಳಿಜಾರಿಗೆ ಬಿಟ್ಟಾಗ ಗೊತ್ತಾಗತ್ತೆ, ಚಿಕ್ಕ ಚಕ್ರ ಕಲ್ಲಿಗೆ ಟಕ್ ಅಂತ ತಗುಲಿ ಹ್ಯಾಂಡಲ್ ಅಂಗೈಗೆ ಒದಿಯತ್ತೆ, ದೊಡ್ಡದು ಅದೇ ಕಲ್ಲು ಹತ್ತಿ ಇಳಿದು ಹೋಗ್ತಾ ಇರತ್ತೆ. ಎತ್ತಿನಗಾಡಿ ಚಕ್ರ ಅಷ್ಟು ದೊಡ್ಡದು ಯಾಕೆ ಅಂತ ಆಮೇಲೆ ಹೊಳೀತು.

ಹಂಗಂತ 29 ಎಲ್ಲಾದಕ್ಕೂ ಸರಿ ಅಂತಲ್ಲ. ಮರಗಳ ಸಂದೀಲಿ ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ತಿರುಗಬೇಕು ಅಂದ್ರೆ ನನ್ ಗಾಡಿ ಸ್ವಲ್ಪ ಸೋಮಾರಿ, ಮುಂಚೇನೇ ಯೋಚ್ನೆ ಮಾಡಿ ವಾಲಿಸ್ಬೇಕು, ಅವನದು ನೋಡಿದ ಕಡೆ ತಿರುಗತ್ತೆ. ಏರಲ್ಲೂ ಅಷ್ಟೇ, ಚಕ್ರ ದೊಡ್ಡದಾದ್ರೆ ಅದೇ ಗೇರು 5 ಪರ್ಸೆಂಟ್‌ನಷ್ಟು ಭಾರ ಆಗತ್ತೆ, ಓದೋಕೆ ಏನೂ ಅಲ್ಲ, ನಂದಿ ಬೆಟ್ಟದ ಕೊನೇ ತಿರುವುಗಳಲ್ಲಿ ತೊಡೆ ಹೇಳತ್ತೆ. ನನ್ ಹೆಂಡ್ತಿ 5 ಅಡಿ 2 ಇಂಚು, ಅವಳು ಸ್ಮಾಲ್ ಫ್ರೇಮಿನ 29 ಟ್ರೈ ಮಾಡಿದಾಗ ಹ್ಯಾಂಡಲ್ ಜಾಸ್ತಿ ತಿರುಗಿಸಿದ್ರೆ ಶೂ ತುದಿ ಮುಂದಿನ ಟೈರಿಗೆ ತಾಗ್ತಿತ್ತು. ಕುಳ್ಳಗಿರೋರು ದಯವಿಟ್ಟು ಇದನ್ನ ಅಂಗಡೀಲೇ ಚೆಕ್ ಮಾಡಿ.

ಈಗ ದುಡ್ಡಿನ ವಿಷ್ಯ, ನಾನು ಎಡವಿದ್ದು ಇಲ್ಲೇ. ಚಕ್ರ ಒಂದನ್ನೇ ನೋಡ್ಕೊಂಡು ತಗೊಂಡೆ, ಮುಂದಿನ ಚಕ್ರ ಹಿಡ್ಕೊಂಡು ಕುಸಿದು ಏಳೋ ಫೋರ್ಕ್ ಕಡೆ ಗಮನಾನೇ ಕೊಡ್ಲಿಲ್ಲ. ನಂದು ಕಾಯಿಲ್ ಸ್ಪ್ರಿಂಗ್ ಫೋರ್ಕ್, 64 ಕೆಜಿ ಇರೋ ನನಗೆ ತೀರಾ ಗಟ್ಟಿ. ಎಷ್ಟು ಕುಸಿಯತ್ತೆ ಅಂತ ಗೊತ್ತಾಗೋಕೆ ಫೋರ್ಕಿನ ಪೈಪಿಗೆ ಒಂದು ಝಿಪ್ ಟೈ ಕಟ್ಟಿ ಇಡೀ ಬೆಳಿಗ್ಗೆ ಓಡ್ಸಿ ನೋಡಿದೆ, 100 ಎಂಎಂ ಅಂತ ಬರ್ಕೊಂಡಿರೋ ಫೋರ್ಕು 60 ಕೂಡ ಕುಸ್ದಿರ್ಲಿಲ್ಲ. ಹೋಗ್ಲಿ ಸ್ಪ್ರಿಂಗ್ ಬದ್ಲು ಗಾಳಿ ಇರೋ ಏರ್ ಫೋರ್ಕ್ ಹಾಕ್ಸೋಣ ಅಂತ ಹೋದ್ರೆ ಮೆಕ್ಯಾನಿಕ್ ಹ್ಯಾಂಡಲ್ ಕೆಳಗಿನ ಪೈಪ್ ತೋರಿಸಿ, ಸಾರ್ ಇದು ಮೇಲೂ ಕೆಳಗೂ ಒಂದೇ ದಪ್ಪ, ಈಗ ಬರೋ ಒಳ್ಳೆ ಫೋರ್ಕು ಬಹುತೇಕ ಟೇಪರ್ಡು, ಅಂದ್ರೆ ಕೆಳಗೆ ದಪ್ಪ ಮೇಲೆ ಸಣ್ಣ, ಇದಕ್ಕೆ ಇಳಿಯಲ್ಲ ಅಂದ. ಬಾಮೈದನ ಫ್ರೇಮು ಟೇಪರ್ಡ್. ಅವನು ಏರ್ ಫೋರ್ಕ್ ಹಾಕ್ಸಿ ತನ್ನ ತೂಕಕ್ಕೆ ಗಾಳಿ ಸೆಟ್ ಮಾಡ್ಕೊಂಡ, ಈಗ ಅದೇ ಕಲ್ಲಿನ ಇಳಿಜಾರಲ್ಲಿ ಅವನ ಚಿಕ್ಕ ಚಕ್ರಾನೇ ನಂದಕ್ಕಿಂತ ಮೆತ್ತಗೆ ಇಳಿಯತ್ತೆ. ಹೊಟ್ಟೆಕಿಚ್ಚು ಬಿಟ್ಟು ಹೇಳೋದಾದ್ರೆ, ಅದೇ ಬಜೆಟ್ಟಲ್ಲಿ ಟೇಪರ್ಡ್ ಫ್ರೇಮಿನ 29 ಸಿಕ್ರೆ ಕಣ್ಮುಚ್ಚಿ ತಗೊಳ್ಳಿ, ಸಿಗ್ಲಿಲ್ವಾ, ಟೇಪರ್ಡ್ ಇರೋ 27.5 ವಾಸಿ. 24 ಗೇರಾ 27 ಗೇರಾ ಅನ್ನೋದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ.

ಬ್ರೇಕ್ ಬಗ್ಗೆ ದೂರಿಲ್ಲ, ಪ್ಯಾಡ್ ಒಂದ್ಸಲ ಬದಲಾಯ್ಸಿದ್ದೀನಿ ಅಷ್ಟೇ. ಟೈರಿಗೆ ಕಾಡಲ್ಲಿ 28 ಪಿಎಸ್‌ಐ ಗಾಳಿ ಇಡ್ತೀನಿ, ಅದಕ್ಕಿಂತ ಇಳಿಸಿದ್ರೆ ಕಲ್ಲಿಗೆ ರಿಮ್ ಬಡಿದು ಟ್ಯೂಬ್ ಕಟ್ ಆಗತ್ತೆ.

ಟ್ಯೂಬ್ ಅಂದ್ರೆ ನೆನಪಾಯ್ತು. ಒಂದು ಭಾನುವಾರ ಜಾಲಿ ಮುಳ್ಳು ಚುಚ್ಚಿ ನನ್ ಟೈರ್ ಠುಸ್, ಸ್ಪೇರ್ ಟ್ಯೂಬ್ ಮನೇಲಿ. ರೋಡಿಗೆ ತಳ್ಕೊಂಡ್ ಬಂದ್ರೆ ಪಂಕ್ಚರ್ ಅಂಗಡಿಯವನ ಹತ್ರ 26 ಬಿಟ್ರೆ ಬೇರೆ ಇಲ್ಲ. ಕೊನೆಗೆ ಬಾಮೈದನ ಸ್ಪೇರ್ 27.5 ಟ್ಯೂಬನ್ನೇ ಎಳೆದೂ ಎಳೆದೂ ನನ್ ರಿಮ್ಮಿಗೆ ಕೂರ್ಸಿದ್ವಿ, ರಬ್ಬರ್ ಅಲ್ವಾ, ಹಿಗ್ಗತ್ತೆ. ಟೆಂಪರ್ವರಿ ಅಂತ ಹಾಕಿದ್ದು ಎಂಟು ತಿಂಗ್ಳಾಯ್ತು ಇನ್ನೂ ಅದ್ರಲ್ಲೇ ಓಡ್ತಿದೆ, ಅವನು ವಾಪಸ್ ಕೇಳೋದನ್ನೂ ಬಿಟ್ಟಿಲ್ಲ.