ಡಬ್ಬಿಯ ಮೇಲೆ ‘ಪೇಟೆಂಟ್’, ಒಳಗೆ ಚೆನ್ನೆಮಣೆ

ತುಳುವರ ಆಟಿ ತಿಂಗಳು ಹತ್ತಿರವಾದರೆ ಮುಂಬೈಯ ತುಳು-ಕನ್ನಡ ಮನೆಗಳಲ್ಲಿ ಚೆನ್ನೆಮಣೆಯ, ಅಂದರೆ ಗುಳಿಯಿಂದ ಗುಳಿಗೆ ಕಾಯಿ ಹಂಚುತ್ತಾ ಆಡುವ ಮಣೆಯ, ಹುಡುಕಾಟ ಶುರು. ಮಾಟುಂಗಾದ ಅಂಗಡಿಯೊಂದರಲ್ಲಿ ಸಿಗುವ ಮಡಚುವ ಮಣೆಗೆ 1,850 ರೂಪಾಯಿ. ಡಬ್ಬಿಯ ಮೇಲೆ ‘ಪೇಟೆಂಟ್ ಪಡೆದ ಆಟ’ ಎಂದಿದೆ. ಒಳಗಿನ ಚೀಟಿ ಇನ್ನೂ ಮುಂದೆ ಹೋಗಿ, ಅನುಮತಿಯಿಲ್ಲದೆ ಸ್ಪರ್ಧೆ ನಡೆಸಬಾರದು ಎನ್ನುತ್ತದೆ.

ಮೊದಲು ಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಡಬ್ಬಿಯಲ್ಲಿರುವುದೂ ಸರಿಯಾಗಿ 56. ಒಂದು ಸೋಫಾದಡಿ ಸೇರಿದರೆ ಆಟ ನಿಂತಂತೆ. ಕಾಯಿ ಮಾತ್ರ ಅಸಲಿ ಮಂಜೊಟ್ಟಿ ಬೀಜ, ಹೊಳೆಯುವ ಪೂರ್ತಿ ಕೆಂಪು. (ಕಳೆದದ್ದಕ್ಕೆ ಬದಲು ಕಪ್ಪು ಚುಕ್ಕೆಯ ಗುಲಗಂಜಿ ಹಾಕಬೇಡಿ, ಅದು ವಿಷದ ಬೀಜ. ಹುಣಸೆಬೀಜ ಸಾಕು.)

ಎಡವಿರುವುದು ಗುಳಿಯಲ್ಲಿ. ಯಂತ್ರ ನೇರವಾಗಿ ಕೊರೆದದ್ದರಿಂದ ತಳ ಚಪ್ಪಟೆ. ಹಂಚಲೆಂದು ಗುಳಿಯ ಕಾಯಿಗಳನ್ನು ಬೆರಳಲ್ಲಿ ಬಳಿದೆತ್ತಿದರೆ ಕೊನೆಯ ಒಂದೆರಡು ಕಾಯಿ ಮೂಲೆಗೆ ಕಚ್ಚಿಕೊಳ್ಳುತ್ತವೆ. ತಳ ದುಂಡಗಿರಬೇಕು. ಆಳವೂ ಸಾಲದು, ಹತ್ತು ಹನ್ನೆರಡು ಕಾಯಿ ಕೂಡಿದರೆ ಪಕ್ಕದ ಗುಳಿಗೆ ಜಾರಿ ಲೆಕ್ಕ ಕೆಡುತ್ತದೆ. ಮಣೆ ಇಡೀ ಮರದ್ದಲ್ಲ, ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ. ಮಳೆಗಾಲದ ತೇವಕ್ಕೆ ಅದು ಉಬ್ಬಿ ಕೀಲಿನ ಸ್ಕ್ರೂ ಸಡಿಲಾಗುತ್ತದೆ. ಆಟಿ ಬರುವುದೂ ಮಳೆಗಾಲದಲ್ಲೇ ಅಲ್ಲವೇ!

ಇನ್ನು ಆ ಪೇಟೆಂಟ್. 1970ರ ಪೇಟೆಂಟ್ ಕಾಯ್ದೆಯ 3(ಎಂ) ಕಲಮಿನ ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲವೇ ಇಲ್ಲ. 3(ಪಿ) ಪಾರಂಪರಿಕ ಜ್ಞಾನವನ್ನೂ ಹೊರಗಿಡುತ್ತದೆ. ಮಣೆ ಮಡಚುವ ಕೀಲಿಗೇ ಪೇಟೆಂಟ್ ಎನ್ನೋಣವೆಂದರೆ ಡಬ್ಬಿಯಲ್ಲಿ ಪೇಟೆಂಟ್ ಸಂಖ್ಯೆಯೇ ಕಾಣದು. ಚೀಟಿಯ ವಾಕ್ಯ, ಚಿತ್ರ ತಯಾರಕರ ಕಾಪಿರೈಟ್ ಇರಬಹುದು, ಅದನ್ನು ಜೆರಾಕ್ಸ್ ಮಾಡಿ ಹಂಚಬೇಡಿ. ಅದೇ ನಿಯಮವನ್ನು ನಿಮ್ಮ ಮಾತಲ್ಲಿ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಹೊಸ ಆಕಾರಕ್ಕೆ 2000ದ ವಿನ್ಯಾಸ ಕಾಯ್ದೆಯಲ್ಲಿ 10 ವರ್ಷ, ಮತ್ತೆ 5 ವರ್ಷ ರಕ್ಷಣೆ ಸಿಗುತ್ತದೆ, ಆದರೆ ಮೀನಿನಾಕಾರದ ಮಣೆ ಹೊಸದೇನಲ್ಲ. ನಮ್ಮ ಪಗಡೆಯಂಥದೇ ಆಟಕ್ಕೆ ಅಮೆರಿಕದಲ್ಲಿ ಇಟ್ಟ ‘ಪಾರ್ಚೀಸಿ’ ಹೆಸರು 1874ರಲ್ಲೇ ಟ್ರೇಡ್‌ಮಾರ್ಕ್ ಆಯಿತು. ಸಿಕ್ಕಿದ್ದು ಹೆಸರಷ್ಟೇ, ಪಗಡೆ ನಮ್ಮಲ್ಲೇ ಉಳಿಯಿತು. ಹಾಗಾಗಿ ಸಂಘದವರು ನಿಶ್ಚಿಂತೆಯಿಂದ ಸ್ಪರ್ಧೆ ಇಡಬಹುದು.

ಬೆಲೆ ಕಟ್ಟಬೇಕಾದದ್ದು ಮರಕ್ಕೆ, ಕೊರೆದ ಕೈಗೆ. ಹಲಸಿನ ಒಂದೇ ತುಂಡಿನಲ್ಲಿ ಕೈಯಿಂದ ಕೆತ್ತಿದ್ದಾದರೆ 1,850 ಹೆಚ್ಚಲ್ಲ. ಇದಕ್ಕೆ ಅರ್ಧವೇ ಜಾಸ್ತಿ. ಆದರೂ ಬೇಕೆನಿಸಿದರೆ ಅಂಗಡಿಯಲ್ಲೇ ಒಂದು ಗುಳಿಗೆ ಹನ್ನೆರಡು ಕಾಯಿ ಸುರಿಯಿರಿ, ಒಂದೇ ಸಲಕ್ಕೆ ಬಳಿದು ಎತ್ತಲು ಬರುತ್ತದೆಯೇ ನೋಡಿ, ಆಮೇಲೆ ದುಡ್ಡು ಕೊಡಿ.