ಮನೆಯಲ್ಲೇ ಹೆಣೆದ ಸ್ಪೀಕರ್ ವೈರು: ಮೂರು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಉಡುಪಿ ಹತ್ತಿರ, ಕಡಲಿಗೆ ಒಂದೂವರೆ ಕಿಲೋಮೀಟರ್. ಇಲ್ಲಿ ತಾಮ್ರ ಹಸಿರಾಗಲು ವರ್ಷಗಟ್ಟಲೆ ಬೇಕಿಲ್ಲ, ಒಂದು ಮಳೆಗಾಲ ಸಾಕು. ಆಂಪ್ಲಿಫಯರ್ ಜೊತೆ ಬಂದಿದ್ದ ತೆಳ್ಳಗಿನ ವೈರಿನ ತುದಿಗೆ ಹಾಗೆಯೇ ಕಿಲುಬು ಹಿಡಿದಿತ್ತು. ಎಡಗಡೆ ಸ್ಪೀಕರ್ ಆಗಾಗ ಮೌನವ್ರತ ಮಾಡುತ್ತಿತ್ತು. ರೆಡಿಮೇಡ್ ಕೇಬಲ್‌ಗಳ ರೇಟು ನೋಡಿದ ಮೇಲೆ ನಾನೇ ಮಾಡೋಣ ಅನ್ನಿಸಿತು. ಅದಾಗಿ ಮೂರು ವರ್ಷ ಆಯಿತು.

ತಂದಿದ್ದು ಮನೆ ವೈರಿಂಗಿಗೆ ಹಾಕುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು. ಕೆಂಪು 10 ಮೀಟರ್, ಕಪ್ಪು 10 ಮೀಟರ್. ಜೊತೆಗೆ ಎಂಟು ಬನಾನಾ ಪ್ಲಗ್, ಅಂದರೆ ವೈರಿನ ತುದಿಗೆ ಹಾಕಿ ಸ್ಪೀಕರ್, ಆಂಪ್ಲಿಫಯರ್‌ಗೆ ಚುಚ್ಚುವ ಪಿನ್ನು. ಎಲ್ಲ ಸೇರಿ 1,200 ರೂಪಾಯಿ ಒಳಗೇ ಮುಗಿಯಿತು. ಬಿಡಿ ವೈರು ಕೊಳ್ಳುವವರು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಅಂಗಿ ತೊಟ್ಟ ಅಲ್ಯೂಮಿನಿಯಂ. ಮೊದಲ ಅಂಗಡಿಯಲ್ಲಿ ನನಗೆ ಕೊಟ್ಟಿದ್ದು ಅದನ್ನೇ, ಕೈಯಲ್ಲಿ ಹಿಡಿದಾಗಲೇ ಯಾಕೋ ಹಗುರ ಅನ್ನಿಸಿತ್ತು. ಇನ್ನು 'ಆಕ್ಸಿಜನ್ ಫ್ರೀ' (ಆಕ್ಸಿಜನ್ ಅಂಶ ತೆಗೆದ ತಾಮ್ರ) ಅನ್ನುವ ಹೆಸರಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಕರೆಂಟ್ ಹರಿಸುವುದರಲ್ಲಿ ಸಾಮಾನ್ಯ ವೈರಿನ ಒಳ್ಳೇ ತಾಮ್ರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಶೇಕಡಾ ಒಂದರ ಆಸುಪಾಸು, ಅಷ್ಟೇ.

ಹೆಣೆಯುವುದು ಸುಲಭ. ಕೆಂಪು, ಕಪ್ಪು ಎರಡರ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಡ್ರಿಲ್ ಮಷಿನ್ನಿನ ಬಾಯಿಗೆ ಸಿಕ್ಕಿಸಿ ನಿಧಾನಕ್ಕೆ ತಿರುಗಿಸಿದೆ. ಹಗ್ಗ ಹೊಸೆದ ಹಾಗೆ ಚಂದವಾಗಿ ಬಂತು. ಆದರೆ ಹೊಸೆದಾಗ ಉದ್ದ ಕಮ್ಮಿಯಾಗುತ್ತದೆ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಐದು ಮೀಟರ್ ಹೋಗಿ ನಾಲ್ಕೂವರೆ ಚಿಲ್ಲರೆ ಉಳಿಯಿತು. ಆಂಪ್ಲಿಫಯರ್ ಇಟ್ಟ ಮೇಜನ್ನೇ ಒಂದು ಗೇಣು ಸರಿಸಬೇಕಾಯಿತು.

ಮೊದಲೆರಡು ದಿನ ನಾನು ತೇಲುತ್ತಿದ್ದೆ. ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಸ್ವರ ಎಷ್ಟು ಅಗಲ ಅಂತೀರಿ! ಭಾಗವತರು ಎಡಕ್ಕಿದ್ದಾರೋ ಬಲಕ್ಕಿದ್ದಾರೋ ಗೊತ್ತಾಗದಷ್ಟು ಅಗಲ. ಚೆಂಡೆ ಚುರುಕಾಗಿ ಕೇಳುತ್ತಿತ್ತು, ಮದ್ದಳೆ ಮಾತ್ರ ಒಣಗಿದ ಸೋರೆಬುರುಡೆ ತಟ್ಟಿದ ಹಾಗೆ. ಮೂರನೇ ದಿನ ಟಾರ್ಚ್ ಹಿಡಿದು ನೋಡಿದರೆ ಬಲಗಡೆ ಸ್ಪೀಕರಿಗೆ ಕೆಂಪು-ಕಪ್ಪು ಅದಲುಬದಲು. ಕತ್ತಲಲ್ಲಿ ತಡಕಾಡಿ ಚುಚ್ಚಿದ್ದರ ಫಲ. ಒಂದು ಸ್ಪೀಕರಿನ ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ, ಬೇಸ್ ಒಂದನ್ನೊಂದು ನುಂಗಿಕೊಳ್ಳುತ್ತದೆ. ಸರಿ ಮಾಡಿದ ಕೂಡಲೇ ಮದ್ದಳೆಗೆ ಜೀವ ಬಂತು, ಭಾಗವತರು ಬಂದು ನಡುವೆ ಕೂತರು.

ಹಳೆಯ ವೈರಿಗಿಂತ ಇದು ಖಂಡಿತ ಚೆನ್ನಾಗಿತ್ತು. ಆದರೆ ಎರಡು ದಿನ ತಪ್ಪನ್ನೇ ಮೆಚ್ಚಿಕೊಂಡು ಕೂತಿದ್ದ ಕಿವಿಯನ್ನು ಎಷ್ಟು ನಂಬುವುದು? ಹಳೆಯ ವೈರನ್ನು ಮತ್ತೆ ತೆಗೆದೆ. ಕಿಲುಬು ಹಿಡಿದ ಎರಡು ಇಂಚು ಕತ್ತರಿಸಿ, ಹೊಸದಾಗಿ ಸುಲಿದು ಜೋಡಿಸಿದೆ. ಹೊಸ ವೈರಿಗೆ ನಾನು ಕೊಟ್ಟಿದ್ದ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ಅದಕ್ಕೂ ಸಲ್ಲಬೇಕಿತ್ತು!

ಉಳಿದ ಕಾಲು ಪಾಲು ದಪ್ಪದ್ದು ಅನ್ನಬಹುದು. ದಪ್ಪ ಜಾಸ್ತಿಯಾದಷ್ಟೂ ವೈರಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಕಮ್ಮಿ. ನಮ್ಮ ಮಾಮೂಲಿ ಮಲ್ಟಿಮೀಟರಿನಲ್ಲಿ ಇದನ್ನು ಅಳೆಯಲು ಹೋಗಬೇಡಿ, ಅದರ ಪಿನ್ ವೈರುಗಳ ರೆಸಿಸ್ಟೆನ್ಸೇ ಅಷ್ಟಿರುತ್ತದೆ. ಲೆಕ್ಕ ಹಾಕುವುದು ವಾಸಿ. 2.5 ಸ್ಕ್ವೇರ್ ವೈರಿಗೆ ಸಾವಿರ ಮೀಟರಿಗೆ ಸುಮಾರು 8 ಓಮ್ (ಓಮ್ ಅಂದರೆ ತಡೆಯ ಅಳತೆ). ಹೋಗಿ ಬರುವ ದಾರಿ ಸೇರಿ 10 ಮೀಟರಿಗೆ 0.08. ನನ್ನ 8 ಓಮ್ ಸ್ಪೀಕರಿನ ಮುಂದೆ ಅದು ಶೇಕಡಾ 1. ಹಳೆಯದು ಅರ್ಧ ಸ್ಕ್ವೇರಿನದು, ಅದರಲ್ಲಿ ಸುಮಾರು 0.4 ಓಮ್, ಅಂದರೆ ಶೇಕಡಾ 5. ಕೇಬಲ್ಲಿನ ತಡೆ ಸ್ಪೀಕರಿನದರ ಶೇಕಡಾ 5 ದಾಟಬಾರದು ಎನ್ನುವ ಲೆಕ್ಕ ಆಡಿಯೋ ಮಂದಿಯಲ್ಲಿ ಚಾಲ್ತಿಯಲ್ಲಿದೆ. ಹಳೆಯದು ಗೆರೆಯ ಮೇಲೆ ನಿಂತಿತ್ತು. ಸ್ಪೀಕರಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ, ಹಾಗಾಗಿ ತೆಳು ವೈರು ಕೆಲವು ಸ್ವರಗಳನ್ನು ಸ್ವಲ್ಪ ಜಾಸ್ತಿ ಅದುಮುತ್ತದೆ. ನಿಮ್ಮ ಸ್ಪೀಕರ್ ಎರಡು ಮೀಟರ್ ದೂರದಲ್ಲಿದ್ದರೆ ಇದು ಯಾವುದೂ ತಲೆನೋವಲ್ಲ.

ಬೆಂಗಳೂರಿನ ನನ್ನ ಭಾವ ಒಮ್ಮೆ ತಮ್ಮ ದುಬಾರಿ ಕೇಬಲ್ ಹೊತ್ತು ತಂದರು. ಸಾವಿರಗಳ ಲೆಕ್ಕದ್ದು, ಹಾವಿನ ಪೊರೆಯಂಥ ಹೊದಿಕೆ. ಮಗಳು ಪರದೆಯ ಹಿಂದೆ ಕೂತು, ನಾಣ್ಯ ಚಿಮ್ಮಿ, ಬಿದ್ದ ಹಾಗೆ ಯಾವುದಾದರೂ ಒಂದನ್ನು ಜೋಡಿಸಬೇಕು. ಅದು ಯಾರ ಕೇಬಲ್ ಅಂತ ನಾವಿಬ್ಬರೂ ಚೀಟಿಯಲ್ಲಿ ಬರೆಯಬೇಕು. 16 ಸಲದಲ್ಲಿ ನನ್ನದು 7 ಸರಿ, ಭಾವನದ್ದು 9. "ಮಳೆ ಶಬ್ದ ಜೋರಿತ್ತು ಮಾರಾಯ, ಬೇಸಿಗೆಯಲ್ಲಿ ನೋಡುವ" ಅಂದರು. ಎರಡು ಬೇಸಿಗೆ ಕಳೆದವು, ಕೇಬಲ್ ಮಾತ್ರ ಮತ್ತೆ ಬರಲಿಲ್ಲ.

ಎಂಟು ತಿಂಗಳಿಗೆ ನನ್ನ ಕೇಬಲ್ಲೂ ಕರಕರ ಅನ್ನತೊಡಗಿತು. ತಪ್ಪು ನನ್ನದೇ. ತುದಿಗಳಿಗೆ ಸೋಲ್ಡರ್ ಹಾಕಿ ಗಟ್ಟಿ ಮಾಡಿ, ಆಮೇಲೆ ಪ್ಲಗ್ಗಿನ ಸ್ಕ್ರೂ ಬಿಗಿದಿದ್ದೆ. ಸೋಲ್ಡರ್ ಮೆತ್ತಗಿನ ಲೋಹ, ಸ್ಕ್ರೂ ಒತ್ತಿದಲ್ಲಿ ದಿನ ಕಳೆದಂತೆ ಜರುಗಿ ಹಿಡಿತ ಸಡಿಲವಾಗುತ್ತದೆ. ಅದನ್ನು ಕತ್ತರಿಸಿ ಎಸೆದು, ಎಲೆಕ್ಟ್ರಿಷಿಯನ್‌ಗಳು ಬಳಸುವ ಪಿನ್ ಲಗ್ (ವೈರಿನ ತುದಿಗೆ ತೊಡಿಸುವ ಲೋಹದ ಪಿನ್ನು) ಹಾಕಿ ಒತ್ತಿಸಿದೆ, ಬುಡಕ್ಕೆ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ. ಆಮೇಲೆ ಎರಡು ಮಳೆಗಾಲ ಹೋಗಿದೆ. ಮೊನ್ನೆ ಒಂದನ್ನು ಬಿಚ್ಚಿ ನೋಡಿದೆ, ಒಳಗೆ ತಾಮ್ರ ಇನ್ನೂ ಕೆಂಪಗೇ ಇದೆ.

ಈಗ ಉಳಿದಿರುವ ತಕರಾರು ಗಡಸುತನ. ಮನೆ ವೈರಿಂಗಿನ ವೈರು ಬಳುಕುವುದಿಲ್ಲ. ಶೆಲ್ಫಿನ ಮೇಲಿರುವ ನನ್ನ ಪುಟ್ಟ ಸ್ಪೀಕರನ್ನು ಅದು ಹಿಂದಿನಿಂದ ತಳ್ಳಿ ತಳ್ಳಿ, ವಾರಕ್ಕೊಮ್ಮೆ ಮುಖ ಅಡುಗೆಮನೆ ಕಡೆ ತಿರುಗಿಸುತ್ತಿತ್ತು. ಕೊನೆಗೆ ತೆಂಗಿನ ನಾರಿನ ಹಗ್ಗದಲ್ಲಿ ವೈರನ್ನು ಗೋಡೆಯ ಮೊಳೆಗೆ ಎಳೆದು ಕಟ್ಟಿದೆ. ನೋಡಲು ಚೆನ್ನಾಗಿಲ್ಲ. ಆದರೆ ಸ್ಪೀಕರ್ ಅಲುಗುತ್ತಿಲ್ಲ.