ಮ್ಯಾರಥಾನ್ ಹತ್ತಿರ ಬಂತು, ಮಂಡಿ ಮುನಿಸಿಕೊಂಡಿತು: ಟೇಪೋ, ನೀ ಕ್ಯಾಪೋ, ಎಕ್ಕದ ಎಲೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಟೇಪಿಗೆ. ಆಟಗಾರರು ಭುಜಕ್ಕೆ, ಮಂಡಿಗೆ ನೀಲಿ, ಗುಲಾಬಿ ಬಣ್ಣದ್ದು ಅಂಟಿಸಿಕೊಂಡಿರುತ್ತಾರಲ್ಲ, ಅದೇ ಕಿನಿಸಿಯಾಲಜಿ ಟೇಪ್. ಮುಂಬೈ ಮ್ಯಾರಥಾನ್‌ಗೆ ಮುಂಚಿನ ದಿನಗಳಲ್ಲಿ ನನ್ನ ಬಲ ಮಂಡಿ ಇದನ್ನೂ ಕಂಡಿತು, ನೀ ಕ್ಯಾಪನ್ನೂ ಕಂಡಿತು, ಚಿಪ್ಪಿನ ಕೆಳಗೆ ಬಿಗಿಯುವ ಪಟ್ಟಿಯನ್ನೂ ಕಂಡಿತು. ಅಮ್ಮನ ಎಕ್ಕದ ಎಲೆ ಬೇರೆ. ಎಲ್ಲಕ್ಕೂ ನಾನು ಕೇಳಿದ ಪ್ರಶ್ನೆ ಒಂದೇ: 42 ಕಿಲೋಮೀಟರ್ ಮುಗಿಯುವ ತನಕ ಇಟ್ಟ ಜಾಗದಲ್ಲೇ ಇರುತ್ತೀಯಾ?

ನೋವು ಶುರುವಾಗಿದ್ದು ನಂದಿ ಬೆಟ್ಟದಲ್ಲಿ. ಮುಂಬೈಯಲ್ಲಿ ಕೊನೆಯ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಪೆಡ್ಡರ್ ರೋಡಿನ ಏರು ಬರುತ್ತದೆ, ಅದಕ್ಕೆ ತಯಾರಿ ಆಗಲಿ ಅಂತ ಬೆಂಗಳೂರಿನ ಓಟಗಾರರು ನಂದಿಗೆ ಹೋಗುವುದು ಮಾಮೂಲು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಚಿಪ್ಪಿನ ಸುತ್ತ ಮಂದವಾದ ನೋವು ಹಿಡಿದುಕೊಂಡಿತು. ಇಳಿಜಾರಿನಲ್ಲಿ ತೊಡೆಯ ಮುಂದಿನ ಸ್ನಾಯು ಪ್ರತಿ ಹೆಜ್ಜೆಗೂ ಬ್ರೇಕ್ ಹಿಡಿಯಬೇಕು, ಆ ಒತ್ತಡವೆಲ್ಲ ಚಿಪ್ಪಿನ ಹಿಂಭಾಗಕ್ಕೆ ಬೀಳುತ್ತದೆ. ಆಮೇಲೆ ಮೆಟ್ಟಿಲು ಇಳಿದರೂ ನೋವು, ಮಂಡಿ ಮಡಚಿ ಜಾಸ್ತಿ ಹೊತ್ತು ಕೂತರೂ ನೋವು. ಫಿಸಿಯೋ ಹತ್ತಿರ ತೋರಿಸಿದೆ. ಊತ ಇಲ್ಲ, ಕುಂಟುತ್ತಿಲ್ಲ, ರಾತ್ರಿ ನಿದ್ದೆ ಕೆಡುತ್ತಿಲ್ಲ, ಹಾಗಾಗಿ ಓಡಬಹುದು ಅಂದರು. ನೋವಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟರೆ, ಅದು ಮೂರಕ್ಕಿಂತ ಮೇಲೆ ಹೋದಾಗ ನಿಲ್ಲಿಸಬೇಕು ಅನ್ನುವುದು ಅವರ ಷರತ್ತು. ಊತ ಇದ್ದು, ಕುಂಟುತ್ತಾ, ಮುಂದೆ ಬರೆದದ್ದನ್ನು ನೋಡಿ ಟೇಪ್ ತರಲು ಯಾರೂ ಹೊರಡಬೇಡಿ. ಅಂಥವರು ಡಾಕ್ಟರ ಹತ್ತಿರ ಹೋಗಬೇಕು.

ಕೊನೆಯ ವಾರದಲ್ಲಿ ಯಾವ ಪಟ್ಟಿಯೂ, ಎಣ್ಣೆಯೂ ಮಂಡಿಯನ್ನು ಗುಣ ಮಾಡಿಬಿಡುವುದಿಲ್ಲ. ಕೆಲಸ ಮಾಡುವುದು ಟೇಪರ್, ಅಂದರೆ ಕೊನೆಯ ಎರಡು ವಾರ ಓಟದ ದೂರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವುದು. ಅದಕ್ಕೆ ಕಾಸೂ ಖರ್ಚಿಲ್ಲ. ಆದರೆ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಕಾಲು ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲ, ಇಲ್ಲದ ನೋವೆಲ್ಲ ಎದ್ದು ಬರುತ್ತದೆ. ಒಂದು ದಿನ ಹಿಮ್ಮಡಿ, ಮಾರನೇ ದಿನ ಸೊಂಟ. ನಿಜವಾದ ನೋವು ಮಾತ್ರ ಜಾಗ ಬದಲಿಸುವುದಿಲ್ಲ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಐಸ್ ಬಗ್ಗೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ವಿಶ್ರಾಂತಿ, ಐಸ್, ಬಿಗಿತ, ಕಾಲು ಎತ್ತರ ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಆಮೇಲೆ ಐಸ್ ವಿಷಯದಲ್ಲಿ ಮಾತು ಬದಲಿಸಿದರು. ಹತ್ತು ನಿಮಿಷ ಇಟ್ಟರೆ ಮರಗಟ್ಟಿ ಹಾಯ್ ಅನಿಸುತ್ತದೆ, ಅಷ್ಟೇ.

ಈಗ ನೀ ಕ್ಯಾಪ್. ಮೆಡಿಕಲ್ ಶಾಪಿನಲ್ಲಿ ತಕ್ಷಣ ಸಿಗುತ್ತದೆ, ನಾನು ಕೊಟ್ಟಿದ್ದು 300 ರೂಪಾಯಿ. ಮನೆಯಲ್ಲಿ ಓಡಾಡಲು, ಆಫೀಸಿಗೆ ಹೋಗಲು ಪರವಾಗಿಲ್ಲ. ಬೆಚ್ಚಗಿರುತ್ತದೆ, ಮಂಡಿಗೆ ಒಂದು ಧೈರ್ಯ. ಕಬ್ಬನ್ ಪಾರ್ಕಿನಲ್ಲಿ ಹಾಕಿಕೊಂಡು ಓಡಿದಾಗ ಅದರ ಬಣ್ಣ ಬಯಲಾಯಿತು. ಬೆವರು ಕುಡಿದು ಭಾರವಾಯಿತು, ಮೆಲ್ಲಗೆ ಜಾರಿತು, ಮಂಡಿಯ ಹಿಂದೆ ಮಡಿಕೆ ಕಟ್ಟಿತು. ಆ ಮಡಿಕೆ ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತು. ಪ್ರತಿ ಸಿಗ್ನಲ್ಲಿಗೆ ನಿಂತು ಸ್ಕೂಲ್ ಹುಡುಗರ ಸಾಕ್ಸ್ ಥರ ಮೇಲೆಳೆದುಕೊಳ್ಳಬೇಕು. ಒಂದು ಸೈಜ್ ಚಿಕ್ಕದು ತಗೊಂಡರೆ ಜಾರುವುದಿಲ್ಲ, ಆದರೆ ಮೀನಖಂಡ ಜುಮ್ಮೆನ್ನುತ್ತದೆ.

ಪಟ್ಟಿ ಚಿಕ್ಕದು, ಹಗುರ, ತೊಳೆದು ಮತ್ತೆ ಮತ್ತೆ ಬಳಸಬಹುದು. ಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯುವವರಿಗೆ ಹೇಳಿ ಮಾಡಿಸಿದ್ದು. ನನ್ನ ನೋವು ಚಿಪ್ಪಿನ ಸುತ್ತ. ನನಗೆ ಹೊಂದಲಿಲ್ಲ.

ಟೇಪಿನ ಕಥೆ ದೊಡ್ಡದು. ಜಪಾನಿನ ಕೆಂಜೋ ಕಾಸೆ 1970ರ ದಶಕದಲ್ಲಿ ಮಾಡಿದ್ದು, 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಜಗತ್ತೆಲ್ಲ ನೋಡಿತು. ಹಿಗ್ಗುವ ಹತ್ತಿ ಬಟ್ಟೆ, ಹಿಂದೆ ಅಂಟು, ಅಷ್ಟೇ. ಬಣ್ಣದಿಂದ ಯಾವ ವ್ಯತ್ಯಾಸವೂ ಇಲ್ಲ. ಇದು ಸ್ನಾಯುವನ್ನು ಎತ್ತುತ್ತದೆ, ರಕ್ತ ಓಡಿಸುತ್ತದೆ ಎಂದೆಲ್ಲ ಡಬ್ಬಿಯ ಮೇಲೆ ಬರೆದಿರುತ್ತಾರೆ. ಅದನ್ನೆಲ್ಲ ನಾನು ನಂಬುವುದಿಲ್ಲ. ಸಂಶೋಧನೆಗಳಲ್ಲಿ ಕಂಡಿದ್ದೂ ಸ್ವಲ್ಪ ಹೊತ್ತು ಸ್ವಲ್ಪ ನೋವು ಕಡಿಮೆ ಅನ್ನುವಷ್ಟೇ. ನನಗೆ ಬೇಕಾಗಿದ್ದೂ ಅಷ್ಟೇ ಅಲ್ವಾ? ಒಂದು ಬೆಳಗಿನ ಮಟ್ಟಿಗೆ.

ಐದು ಸೆಂಟಿಮೀಟರ್ ಅಗಲ, ಐದು ಮೀಟರ್ ಉದ್ದದ ಸುರುಳಿಗೆ 450 ರೂಪಾಯಿ ಕೊಟ್ಟೆ. ಚಿಪ್ಪಿನ ಎರಡು ಪಕ್ಕಕ್ಕೆ 25 ಸೆಂಟಿಮೀಟರಿನ ಎರಡು ತುಂಡು, ಕೆಳಗೆ ಅಡ್ಡಕ್ಕೆ 15ರ ಒಂದು ತುಂಡು. ಹೀಗೆ ಲೆಕ್ಕ ಹಾಕಿದರೆ ಒಂದು ಸುರುಳಿ ಒಂದು ಮಂಡಿಗೆ ಏಳು ಸಲ ಬರುತ್ತದೆ.

ತೊಂದರೆ ಒಂದೇ, ಆದರೆ ತಲೆ ತಿನ್ನುವಂಥದ್ದು. ಅಂಟಿಕೊಂಡೇ ಇರಬೇಕಲ್ಲ! ಮೊದಲು ಅಂಟಿಸಿದಾಗ ಕಾಲಿನ ಕೂದಲ ಮೇಲೇ ಅಂಟಿಸಿದ್ದೆ. ಅರ್ಧ ದಾರಿಗೆ ಮೇಲಿನ ತುದಿ ಎದ್ದು ಪಟಪಟ ಹೊಡೆಯಲು ಶುರುವಾಯಿತು. ಮನೆಗೆ ಬಂದು ಕಿತ್ತಾಗ ಕೂದಲು ಸಮೇತ ಬಂತು, ಬಾಯಲ್ಲಿ ಏನು ಬಂತು ಅನ್ನುವುದು ಇಲ್ಲಿ ಬೇಡ. ಆಮೇಲೆ ಟ್ರಿಮ್ಮರ್ ಹಿಡಿದೆ. ರೇಜರ್ ಬೇಡ. ನುಣ್ಣಗೆ ಬೋಳಿಸಿದ ಚರ್ಮಕ್ಕೆ ಅಂಟು ತಾಗಿ, ಅದರ ಮೇಲೆ ಬೆವರು ಇಳಿದರೆ ಚುರುಚುರು ಉರಿಯುತ್ತದೆ. ಟ್ರಿಮ್ಮರಿನಲ್ಲಿ ಗಿಡ್ಡ ಮಾಡಿದರೆ ಸಾಕು. ತೊಡೆಯ ಅರ್ಧದಿಂದ ಮಂಡಿಯ ಕೆಳಗೆ ನಾಲ್ಕು ಬೆರಳಿನ ತನಕ ಮಾತ್ರ ಮಾಡಿದ್ದರಿಂದ ನನ್ನ ಒಂದು ಕಾಲು ನೋಡಲು ವಿಚಿತ್ರವಾಗಿತ್ತು. ಮನೆಯವಳು ಇನ್ನೊಂದು ಕಾಲನ್ನೂ ಮಾಡಿಬಿಡಿ, ಜೊತೆ ಆಗುತ್ತೆ ಅಂದಳು.

ಕೂದಲು ಹೋದರೂ ಮೇಲಿನ ತುದಿ ಏಳುವುದು ನಿಲ್ಲಲಿಲ್ಲ. ಮೂಲೆಗಳನ್ನು ಗುಂಡಗೆ ಕತ್ತರಿಸಿದೆ, ತುದಿಯ ನಾಲ್ಕು ಸೆಂಟಿಮೀಟರನ್ನು ಒಂಚೂರೂ ಎಳೆಯದೆ ಅಂಟಿಸಿದೆ, ಅಂಟು ಬಿಸಿಯಾಗಲಿ ಅಂತ ಅಂಗೈಯಿಂದ ಉಜ್ಜಿದೆ. ಕೆಳಗಿನ ತುದಿ ಬಂಡೆಯಂತೆ ಕೂತಿತು. ಮೇಲಿನದು ಮಾತ್ರ ಹತ್ತು ಕಿಲೋಮೀಟರ್ ದಾಟಿದರೆ ಸುರುಳಿ. ಕೊನೆಗೆ ಕಾರಣ ಸಿಕ್ಕಿದ್ದು ಓಡುವಾಗ ಕೆಳಗೆ ಬಗ್ಗಿ ನೋಡಿದಾಗ. ಚಡ್ಡಿಯ ಅಂಚು! ಪ್ರತಿ ಹೆಜ್ಜೆಗೆ ಆ ಹೊಲಿಗೆ ಟೇಪಿನ ತುದಿಯ ಮೇಲೆ ಸರಿದು ಹೋಗುತ್ತಿತ್ತು. ಮೂರು ಗಂಟೆ ಹಾಗೆ ಕೆರೆದರೆ ಯಾವ ಅಂಟು ತಾನೇ ನಿಲ್ಲುತ್ತದೆ? ಗಿಡ್ಡ ಚಡ್ಡಿಗೆ ಬದಲಾಯಿಸಿದೆ, ಟೇಪನ್ನು ಎರಡು ಬೆರಳು ಕೆಳಗಿಳಿಸಿದೆ. ಅಲ್ಲಿಗೆ ಆ ಗೋಳು ಮುಗಿಯಿತು.

ಆಮೇಲೆ ಎಣ್ಣೆಯ ಗೋಳು. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ, ಅಂದರೆ ಸಂಕ್ರಾಂತಿಯ ಬೆನ್ನಿಗೇ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಎಣ್ಣೆ ನೀರು ಆಗಲೇಬೇಕು. ಅದರ ಜೊತೆ ಅಮ್ಮನ ಚಿಕಿತ್ಸೆ: ಹರಳೆಣ್ಣೆ ಹಚ್ಚಿ, ಎಕ್ಕದ ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ ಮಂಡಿಗೆ ಸುತ್ತಿ ಬಟ್ಟೆ ಕಟ್ಟುವುದು. ಸುಳ್ಳು ಯಾಕೆ ಹೇಳಲಿ, ರಾತ್ರಿ ಆ ಬಿಸಿಗೆ ಮಂಡಿ ಸಡಿಲವಾಗುತ್ತದೆ, ಒಳ್ಳೆಯ ನಿದ್ದೆ ಬರುತ್ತದೆ. ಅದು ಎಲೆಯಿಂದಲೋ ಬಿಸಿಯಿಂದಲೋ ಅನ್ನುವ ಚರ್ಚೆಯನ್ನು ಅಮ್ಮನ ಮುಂದೆ ನಾನು ತೆಗೆಯುವುದಿಲ್ಲ. ಎಕ್ಕದ ಹಾಲು ಮಾತ್ರ ಕಣ್ಣಿಗೆ ತಾಗಬಾರದು, ಕಣ್ಣಿಗೇ ಅಪಾಯ. ಎಲೆ ಕಿತ್ತ ಕೈಯನ್ನು ಸೋಪು ಹಾಕಿ ತೊಳೆಯಬೇಕು. ಟೇಪಿನವರಿಗೆ ಸಮಸ್ಯೆ ಬೇರೆ. ಹರಳೆಣ್ಣೆ ಹಚ್ಚಿದ ಚರ್ಮಕ್ಕೆ ಮಾರನೇ ದಿನವೂ ಟೇಪ್ ಹಿಡಿಯುವುದಿಲ್ಲ. ಸೀಗೆಕಾಯಿಗೂ ಪೂರ್ತಿ ಬಗ್ಗದ ಜಿಡ್ಡು ಅದು. ಹಾಗಾಗಿ ಅಮ್ಮನ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆ: ಹಬ್ಬದ ದಿನ ಎಣ್ಣೆ ತಲೆಗೆ, ಮೈಗೆ, ಎಡಗಾಲಿಗೆ. ಬಲ ಮಂಡಿಗೆ ಓಟ ಮುಗಿಯುವ ತನಕ ರಜೆ. ಅಮ್ಮನಿಗೆ ಇದು ಸರಿ ಕಾಣಲಿಲ್ಲ, ಆದರೂ ಒಪ್ಪಿದರು.

ನೋವಿನ ಸ್ಪ್ರೇ ಕೂಡ ಇದೇ ಜಾತಿ. ಹೊಡೆದ ಜಾಗದಲ್ಲಿ ಟೇಪ್ ನಿಲ್ಲದು.

ನೋವಿನ ಮಾತ್ರೆಯನ್ನು ನಾನು ಹೋಲಿಕೆಗೇ ತಗೊಳ್ಳುವುದಿಲ್ಲ. ಓಡುವ ಮುಂಚೆ ಒಂದು ಇಬುಪ್ರೊಫೆನ್ ನುಂಗಿಬಿಡು, ಏನೂ ಗೊತ್ತಾಗಲ್ಲ ಅನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಗೊತ್ತಾಗದೇ ಇರುವುದೇ ತೊಂದರೆ. ಹತ್ತಕ್ಕೆ ಮೂರು ಅನ್ನುವ ಗಡಿ ದಾಟಿದ್ದು ತಿಳಿಯಬೇಕಲ್ಲ. ಜೊತೆಗೆ ಕಿಡ್ನಿಯ ಪ್ರಶ್ನೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 80 ಕಿಲೋಮೀಟರ್ ಓಡುವವರಿಗೆ ಕೆಲವರಿಗೆ ಇಬುಪ್ರೊಫೆನ್, ಕೆಲವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದ್ದರು. ಕಿಡ್ನಿಗೆ ಪೆಟ್ಟಾದ ಲಕ್ಷಣ ಕಂಡಿದ್ದು ಹುಸಿ ಮಾತ್ರೆಯವರಲ್ಲಿ ನೂರಕ್ಕೆ 34, ಇಬುಪ್ರೊಫೆನ್‌ನವರಲ್ಲಿ 52. ಮುಂಬೈ ಸೆಖೆಯಲ್ಲಿ ಬೆವರು ಹರಿಸುತ್ತಾ ಓಡುವವನು ಇದನ್ನು ಓದಿದ ಮೇಲೂ ನುಂಗುವುದಾದರೆ ಅವನಿಷ್ಟ.

ಓಟದ ಹಿಂದಿನ ದಿನಗಳಲ್ಲಿ ಮಂಡಿಯನ್ನು ಹೆಚ್ಚು ಕಾಡಿದ್ದು ಓಟವಲ್ಲ, ಉದ್ಯಾನ್ ಎಕ್ಸ್‌ಪ್ರೆಸ್. ಹೆಚ್ಚುಕಡಿಮೆ ಒಂದು ದಿನದ ಪ್ರಯಾಣ. ಮುಂಬೈಯಲ್ಲಿ ಇಳಿಯುವ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದ ಎದುರೇ ಮ್ಯಾರಥಾನ್ ಹೊರಡುವುದರಿಂದ ನನಗೆ ಈ ರೈಲೇ ಇಷ್ಟ. ಸೈಡ್ ಲೋವರ್ ಬರ್ತ್ ಹಿಡಿದು ಕಾಲು ಚಾಚಿ ಕೂತೆ. ಇಲ್ಲಿ ಮಾತ್ರ ನೀ ಕ್ಯಾಪ್ ಗೆದ್ದಿತು. ಎಸಿ ಬೋಗಿಯ ಚಳಿಗೆ ಮಂಡಿ ಬಿಗಿಯಾಗದಂತೆ ನೋಡಿಕೊಂಡಿತು, ಜಾರಲು ಅಲ್ಲಿ ಬೆವರೂ ಇಲ್ಲ. ಟೇಪನ್ನು ರೈಲಿನಲ್ಲಿ ಹಾಕಿಕೊಂಡರೆ ಸುಮ್ನೆ ದಂಡ. ಓಟದ ಬೆಳಗ್ಗೆ ಒಂದು ಗಂಟೆ ಮುಂಚೆ ಅಂಟಿಸಿದರೆ ಅಂಟು ಸರಿಯಾಗಿ ಹಿಡಿಯುತ್ತದೆ.

ಹಾಗೇ ಮಾಡಿದೆ. ದಾರಿಯಲ್ಲಿ ತಲೆಗೆ ಸುರಿದುಕೊಂಡ ನೀರೆಲ್ಲ ಕಾಲಿಗೆ ಇಳಿದರೂ ಟೇಪ್ ಕದಲಲಿಲ್ಲ. ನೋವು ಬರಲೇ ಇಲ್ಲ ಎಂದಲ್ಲ. ಪೆಡ್ಡರ್ ರೋಡ್ ಏರಿ ಆಚೆ ಇಳಿಯುವಾಗ ಚಿಪ್ಪು ನಂದಿಯ ನೆನಪು ಮಾಡಿಕೊಟ್ಟಿತು, ಅಲ್ಲಿ ನಡೆದೆ. ಸಮತಟ್ಟಿಗೆ ಬಂದ ಮೇಲೆ ಮತ್ತೆ ಓಡಿದೆ. ಗಡಿ ದಾಟಲಿಲ್ಲ.

ದುಡ್ಡಿನ ಲೆಕ್ಕ ಹೀಗಿದೆ. ನೀ ಕ್ಯಾಪ್ ವರ್ಷಗಟ್ಟಲೆ ಬರುತ್ತದೆ, ಟೇಪ್ ಮುಗಿಯುತ್ತದೆ. ದಿನಾ ಅಂಟಿಸಿಕೊಂಡು ಓಡುತ್ತೇನೆ ಅನ್ನುವವರಿಗೆ ಟೇಪ್ ದುಬಾರಿಯೇ. ನಾನು ಲಾಂಗ್ ರನ್‌ಗೆ ಮತ್ತು ಓಟದ ದಿನಕ್ಕೆ ಮಾತ್ರ ಹಾಕುವವನು, ನನಗೆ ಒಂದು ಸುರುಳಿ ಧಾರಾಳ. ಇನ್ನು, ಬ್ಯಾಂಡೇಜಿನ ಅಂಟಿಗೇ ಮೈ ತುರಿಸುವವರು ಒಂದು ಚಿಕ್ಕ ತುಂಡನ್ನು ಒಂದು ದಿನ ಅಂಟಿಸಿಕೊಂಡು ನೋಡಿ ಆಮೇಲೆ ಕೊಳ್ಳಲಿ.

ನಮ್ಮ ಗುಂಪಿನಲ್ಲಿ ಒಬ್ಬರು ಪಟ್ಟಿಯ ಪರವಾಗಿ ಈಗಲೂ ವಾದ ಮಾಡುತ್ತಾರೆ. ಅವರಿಗೆ ನೋಯುವುದು ಚಿಪ್ಪಿನ ಕೆಳಗೆ, ಸರಿಯೇ. ಆದರೆ ಅಸಲು ಕಾರಣ ಅದಲ್ಲ ಅನ್ನುವುದು ನನ್ನ ಗುಮಾನಿ. ಕಾಲಿಗೆ ಟ್ರಿಮ್ಮರ್ ತಾಗಿಸಲು ಅವರು ಸುತಾರಾಂ ಒಪ್ಪುವುದಿಲ್ಲ. ಅಂಥವರು ಪಟ್ಟಿಯನ್ನೇ ತಗೊಳ್ಳಲಿ.